ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ

ಮಂಡ್ಯದ ಕಡೆ ನೋಡುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಹೈಸ್ಕೂಲಿನಲ್ಲಿ ಆಟ ಕಲಿಸುವ ಮೇಡಂ ಆಗಿದ್ದವಳು ನಾನು. ಗಂಟಲು ದೊಡ್ಡದು, ಕೋಪ ಮೂಗಿನ ತುದಿಯಲ್ಲೇ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಟೀವಿ ನೋಡಲಾರದೆ ಗೇರಿನ ಸೈಕಲ್ಲುಗಳನ್ನು ಕೊಂಡುಕೊಂಡು, ಹೊರಗಿನಿಂದ ಬರುವವರನ್ನು ನಮ್ಮ ಹಳ್ಳಿದಾರಿಗಳಲ್ಲಿ ಸುತ್ತಿಸುವ ಕೆಲಸ ಹಚ್ಚಿಕೊಂಡೆ. ದಾರಿಯನ್ನೂ ನಾನೇ ತುಳಿದು ತುಳಿದು ಗೊತ್ತು ಮಾಡಿದ್ದು. ಮೊದಲ ದಿನ ಮಂಡ್ಯದಿಂದ ಕೆರಗೋಡು, ಅಲ್ಲಿಂದ ಒಳರಸ್ತೆ ಹಿಡಿದು ಮದ್ದೂರು, ರಾತ್ರಿ ವೈದ್ಯನಾಥಪುರದಲ್ಲಿರುವ ನನ್ನ ತವರುಮನೆಯಲ್ಲಿ ಊಟ, ನಿದ್ದೆ. ಎರಡನೆಯ ದಿನ ಮಳವಳ್ಳಿ, ಬೆಳಕವಾಡಿ, ಕೊನೆಗೆ ಶಿವನಸಮುದ್ರದ ಜಲಪಾತ. ಹೆದ್ದಾರಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಗದ್ದೆ, ಕಬ್ಬು, ಆಲೆಮನೆ, ನಾಲೆಯ ಏರಿ, ಮತ್ತೆ ಗದ್ದೆ. ಬೆಂಗಳೂರಿನಿಂದ ಬಂದವರು ಆಲೆಮನೆಯಲ್ಲಿ ಬಿಸಿ ಬೆಲ್ಲ ನೆಕ್ಕುತ್ತಾ ಊರು ಮರೆಯುವುದನ್ನು ನೋಡಿ ನನಗೆ ಹೆಮ್ಮೆಯೋ ಹೆಮ್ಮೆ.

ಆ ಹೆಮ್ಮೆಯ ಹೊಟ್ಟೆಗೆ ಸೂಜಿ ಚುಚ್ಚಿದ್ದು ನನ್ನ ಬೀಗಿತ್ತಿ, ಅಂದರೆ ಮಗಳ ಅತ್ತೆ.

ಮಗಳನ್ನು ಕೊಟ್ಟದ್ದು ಉಡುಪಿಯ ಕಡೆಗೆ. ಕೊಟ್ಟದ್ದು ಎನ್ನುವುದು ನಮ್ಮ ಮರ್ಯಾದೆಗೆ ಹೇಳುವ ಮಾತು, ಅವಳೇ ನೋಡಿಕೊಂಡು ಹೋದಳು. ಬೀಗಿತ್ತಿಗೆ ನನ್ನದೇ ವಯಸ್ಸು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಕಡಲ ದಂಡೆಯ ರಸ್ತೆಗಳಲ್ಲಿ ದಿನಗಟ್ಟಲೆ ಒಬ್ಬರೇ ಸೈಕಲ್ ತುಳಿಯುವ ಹುಚ್ಚಿನವರು. ಮದುವೆ ಮಾತುಕತೆಗೆ ಕೂತಾಗ ಉಳಿದವರು ಛತ್ರದ ವಿಚಾರ ಮಾತಾಡುತ್ತಿದ್ದರೆ ನಾವಿಬ್ಬರು ಟೈರಿನ ವಿಚಾರ ಮಾತಾಡಿದ್ದೆವು. ಅವರು ಆಗಲೇ ಹೇಳಿದ್ದರು. "ನಮ್ಮ ಕಡೆ ಒಂದು ಬದಿ ಸಮುದ್ರ, ಒಂದು ಬದಿ ಹೊಳೆ, ನಡುವೆ ರಸ್ತೆ ಮಾರಾಯ್ರೇ. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಸಮುದ್ರ ಎಡಕ್ಕಿದ್ದರೆ ಹೋಗ್ತಾ ಇದ್ದೇನೆ, ಬಲಕ್ಕಿದ್ದರೆ ಮನೆಗೆ ಬರ್ತಾ ಇದ್ದೇನೆ. ನಿಮ್ಮ ಕಡೆ ಎಂತ ಉಂಟು?"

"ಬಂದು ನೋಡಿ" ಎಂದೆ. ಬೀಗರ ಮುಂದೆ ಬಡಿವಾರ ಕೊಚ್ಚಿದ ಮೇಲೆ ತೋರಿಸದೆ ಬಿಡುವಂತಿಲ್ಲವಲ್ಲ.

ಈ ವರ್ಷ ಶ್ರಾವಣದಲ್ಲಿ ಅವರು ಬಂದೇಬಿಟ್ಟರು, ಒಬ್ಬರೇ, ತಲೆಗೊಂದು ಕೆಂಪು ಹೆಲ್ಮೆಟ್ ಹಾಕಿಕೊಂಡು. ಹಿಂದಿನ ದಿನ ಮಗಳು ಫೋನ್ ಮಾಡಿ, "ಅಮ್ಮಾ, ಅತ್ತೇನ ನಿನ್ ಕೈಗೆ ಒಪ್ಪಿಸ್ತಾ ಇದೀನಿ. ಹೆಂಗ್ ಬಂದ್ರೋ ಹಂಗೇ ವಾಪಸ್ ಕಳಿಸು. ನಿನ್ ಆರ್ಭಟ ಎಲ್ಲ ಅವರ ಹತ್ರ ಇಟ್ಕೋಬೇಡ" ಎಂದಿದ್ದಳು. ನನ್ನ ಮಗಳು ಆ ಮನೆಯಲ್ಲಿ ಬಾಳಬೇಕಾದವಳು. ಆ ಮಾತು ಎದೆಯಲ್ಲಿ ಇಟ್ಟುಕೊಂಡೇ ನಾನು ಪೆಡಲ್ ಮೇಲೆ ಕಾಲಿಟ್ಟದ್ದು.

ಹೊರಡುವಾಗ ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, "ದೂರಾನಾ?" ಎಂದರು. ಬೀಗಿತ್ತಿ ನಕ್ಕುಬಿಟ್ಟರು. "ಎಲ್ಲಿಗೆ ಅಂತ ಅವರಿಗೆ ಗೊತ್ತಿಲ್ವಾ?"

ಗೊತ್ತಿದೆ. ಆದರೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಟ್ಟಿತು. ಬಾಯಿ ತಪ್ಪಿ ಕೇಳಿದರೆ ಹೊರಟವರು ಒಂದು ಗಳಿಗೆ ಕೂತು, ನೀರು ಕುಡಿದು, ಆಮೇಲೆ ಹೊರಡಬೇಕು. ಅದಕ್ಕೇ ನಾವು ದೂರಾನಾ ಎನ್ನುತ್ತೇವೆ, ಅವರು ಹೂಂ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಹೀಗೆಂದು ವಿವರಿಸಿದೆ. "ನಮ್ಮಲ್ಲೂ ಹಿರಿಯರು ಹಾಗೇ ಹೇಳ್ತಿದ್ದರು" ಎಂದು ಅವರು ಸೈಕಲ್ ಏರಿದರು.

ಕೆರಗೋಡು ದಾಟುವ ಹೊತ್ತಿಗೆ ನನಗೆ ಗೊತ್ತಾಯಿತು, ನಾನು ಇವರ ಹಿಂದೆ ಹೋಗುತ್ತಿದ್ದೇನೆಯೇ ಹೊರತು ಇವರು ನನ್ನ ಹಿಂದೆ ಬರುತ್ತಿಲ್ಲ ಎಂದು. ಮಕ್ಕಳಿಗೆ ಓಟ ಕಲಿಸಿದ ಕಾಲು ನನ್ನದು, ಆದರೂ ಏದುಸಿರು. ಅವರು ಆಗಾಗ ನಿಂತು ಕಬ್ಬಿನ ಗರಿ ಮುಟ್ಟುವುದು, ನಾಟಿ ಹಾಕುವ ಹೆಂಗಸರ ಕಡೆ ಕೈ ಬೀಸುವುದು, ನಾನು ಹತ್ತಿರ ಬರುತ್ತಿದ್ದಂತೆ ಮತ್ತೆ ಹೊರಡುವುದು. ನಾಲೆಯ ಏರಿಗೆ ಬಂದಾಗ ಮಾತ್ರ ಅವರು ಬ್ರೇಕ್ ಹಿಡಿದರು. ಕೆಳಗೆ ನೀರು ತುಂಬಿ, ಕೆಂಪಗೆ, ದಡ ನೆಕ್ಕುತ್ತಾ ಹರಿಯುತ್ತಿತ್ತು.

"ಇದಕ್ಕೆ ಬೇಲಿ ಇಲ್ವಾ ಮಾರಾಯ್ರೇ?"

"ಬೇಲಿ ಹಾಕಿದ್ರೆ ನೀರು ಕಾಣೋದೆಂಗೆ?" ಎಂದೆ ಗತ್ತಿನಿಂದ. "ಸಮುದ್ರಕ್ಕೆ ನೀವು ಬೇಲಿ ಹಾಕಿದೀರಾ? ಹೇಗೂ ನಿಮಗೆ ಈಜು ಬರುತ್ತಲ್ಲ."

"ನನಗೆ ಈಜು ಬರುವುದಿಲ್ಲ."

ನಾನು ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಅಲೆಯ ಸದ್ದು ಕೇಳುತ್ತಲೇ ಹುಟ್ಟಿ ಬೆಳೆದ ಹೆಂಗಸಿಗೆ ಈಜು ಬಾರದು! ಅವರ ಮನೆಯಲ್ಲಿ ಗಂಡುಮಕ್ಕಳನ್ನು ನೀರಿಗೆ ಬಿಟ್ಟರಂತೆ, ಇವರನ್ನು ಬಿಡಲಿಲ್ಲವಂತೆ. ನನ್ನ ಗತ್ತು ಅಲ್ಲೇ ಇಳಿಯಿತು. ಮದ್ದೂರು ಸೇರುವವರೆಗೂ ನಾನೇ ನೀರಿನ ಕಡೆ, ಅವರು ಗದ್ದೆಯ ಕಡೆ, ಹೀಗೇ ತುಳಿದೆವು.

ವೈದ್ಯನಾಥಪುರದಲ್ಲಿ ಬೆಳಗಾಗುವಾಗ ನನ್ನ ಬಲಮಂಡಿ ಬದನೆಕಾಯಿಯ ಹಾಗೆ ಊದಿತ್ತು. ತವರುಮನೆಯಲ್ಲಿ ನನ್ನ ತಮ್ಮ, ಅವನ ಹೆಂಡತಿ ಇರುತ್ತಾರೆ. ಅವಳು ಎಣ್ಣೆ ಬಿಸಿ ಮಾಡಿ ತಂದು ನನ್ನ ಕಾಲು ತಿಕ್ಕುತ್ತಿದ್ದಾಗ ಬೀಗಿತ್ತಿ ಕೆಂಪು ಹೆಲ್ಮೆಟ್ ಹಾಕಿಕೊಂಡು ಹೊರಗೆ ಬಂದರು.

"ದೂರಾನಾ?" ಎಂದೆ.

"ಇಲ್ಲ, ಇಲ್ಲೇ" ಎಂದರು. ದೇವಸ್ಥಾನ, ಹೊಳೆ ನೋಡಿಕೊಂಡು ಬರುತ್ತಾರೆ ಎಂದು ನಾನೇ ಅಂದುಕೊಂಡೆ. ಇವತ್ತು ಮಂಡಿ ಇಳಿಯಲಿ, ನಾಳೆ ಮಳವಳ್ಳಿಗೆ ಹೊರಟರಾಯಿತು ಎಂದೂ ನಾನೇ ಅಂದುಕೊಂಡೆ.

ತಟ್ಟೆಯಲ್ಲಿ ಇಡ್ಲಿ ಆರಿತು. ಬಿಸಿಲು ಜಗಲಿ ಹತ್ತಿತು. ಫೋನ್ ಮಾಡಿದರೆ ಒಳಗಿನ ಕೋಣೆಯಿಂದಲೇ ರಿಂಗ್ ಕೇಳಿಸಿತು, ಹಾಸಿಗೆಯ ಪಕ್ಕದಲ್ಲಿ ಚಾರ್ಜಿಗೆ ಹಾಕಿಟ್ಟು ಹೋಗಿದ್ದರು. ತಮ್ಮ ದೇವಸ್ಥಾನಕ್ಕೆ ಹೋಗಿ ಬಂದು, "ಗುಡೀತಾವೂ ಇಲ್ಲ, ಒಳೆತಾವೂ ಇಲ್ಲ ಕಣಕ್ಕ" ಎಂದಾಗ ನಾನು ಊದಿದ ಮಂಡಿಯಲ್ಲೇ ಎದ್ದು ಅವನ ಸ್ಕೂಟರ್ ಹತ್ತಿದೆ.

ಊರಾಚೆಯ ಟೀ ಅಂಗಡಿಯವನಿಗೆ ಎಲ್ಲ ಗೊತ್ತಿತ್ತು. "ಕೆಂಪ್ ಟೋಪಿ ಅಮ್ಮಾರಾ? ಬಂದಿದ್ರು. ಸಕ್ರೆ ಕಮ್ಮಿ ಟೀ ಕುಡುದ್ರು. ಮದ್ದೂರ್ ವಡೆ ತಿಂದು ಬಲ್ ಚೆಂದಾಗದೆ ಅಂದ್ರು. ದೂರಾನಾ ಅಂದೆ, ಊಂ ಅಂದ್ರು."

"ಯಾವ ಕಡೆ ಹೋದ್ರು?"

"ಆ ಕಡೆಗೆ." ಅವನು ಕೈ ಬೀಸಿದ ದಿಕ್ಕಿನಲ್ಲಿ ಅರ್ಧ ತಾಲ್ಲೂಕೇ ಇತ್ತು.

"ಎಲ್ಲಿಗೆ ಅಂತ ಒಂದ್ ಮಾತು ಕೇಳಾಕಾಗ್ಲಿಲ್ವಾ ನಿಂಗೆ?"

ಅವನು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. "ಒಂಟೋರ್ನ ಎಲ್ಲಿಗೆ ಅಂತ ಕೇಳಾದ್ರಾ ಮೇಡಮ್ಮೋರೆ? ಸುಬ ಅಲ್ಲ."

ಮುಂದಿನ ಊರಿನ ಹುಣಸೆಮರದ ಕೆಳಗೆ ಎಳನೀರು ಮಾರುವ ಅಜ್ಜಿ. ಅವಳೂ ನೋಡಿದ್ದಳು. ಎಳನೀರು ಕುಡಿಸಿದ್ದಳು, ಬಾಳೆಹಣ್ಣು ಕೊಟ್ಟಿದ್ದಳು, ತಲೆ ನೇವರಿಸಿ ಮಕ್ಕಳೆಷ್ಟು, ಮೊಮ್ಮಕ್ಕಳೆಷ್ಟು, ಸಮುದ್ರದ ಮೀನು ರುಚಿಯೋ ಹೊಳೆ ಮೀನು ರುಚಿಯೋ ಎಲ್ಲ ವಿಚಾರಿಸಿದ್ದಳು. ಒಂದನ್ನು ಮಾತ್ರ ಕೇಳಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ರಸ್ತೆಯಲ್ಲೇ ನಿಂತು ಕೂಗಾಡಿದೆ. ಮೀನಿನ ರುಚಿ ಕೇಳುವ ಬಾಯಿಗೆ ಅದೊಂದು ಮಾತು ಕಷ್ಟವಾಯಿತೇ ಎಂದೆ. ಇಡೀ ಸೀಮೆಗೇ ಬುದ್ಧಿಯಿಲ್ಲ ಎಂದೆ.

ಅಜ್ಜಿ ಮಚ್ಚು ಕೆಳಗಿಟ್ಟಳು. "ಅದ್ಯಾಕವ್ವ ನನ್ ಮ್ಯಾಲೆ ಕೂಗೀಯೆ? ನಿನ್ನಟ್ಟಿಯಿಂದ ತಾನೆ ಒಂಟಿದ್ದು? ನೀ ಕೇಳಿದ್ಯಾ?"

ನಾನು ಹೋಗಿ ಸ್ಕೂಟರ್ ಹತ್ತಿ ಕೂತೆ. ತಮ್ಮ ಬೇರೆ ಕಡೆ ಮುಖ ತಿರುಗಿಸಿ ಸ್ಕೂಟರಿಗೆ ಒದೆದ. ದಾರಿಯುದ್ದಕ್ಕೂ ಎಷ್ಟೊಂದು ಜನ ಅವರನ್ನು ನೋಡಿದ್ದರು. ಎಲ್ಲರೂ ಏನಾದರೊಂದು ತಿನ್ನಿಸಿದ್ದರು. ಒಬ್ಬರ ಬಾಯಲ್ಲೂ ಅವರು ಹೋದ ಊರಿನ ಹೆಸರು ಇರಲಿಲ್ಲ. ನಮ್ಮ ಜನದ ಮರ್ಯಾದೆ ನನಗೆ ಆ ದಿನ ಕಂಡಷ್ಟು ಭಯಂಕರವಾಗಿ ಎಂದೂ ಕಂಡಿಲ್ಲ.

ಕವಲು ದಾರಿಯಲ್ಲಿ ಒಂದು ಮಳವಳ್ಳಿಗೆ, ಇನ್ನೊಂದು ನಾಲೆ ಏರಿಗೆ. ನಾಲೆ ಬೇಡಪ್ಪಾ ದೇವರೇ ಎಂದು ಮನಸ್ಸು ಹೇಳುತ್ತಿರುವಾಗಲೇ ತಮ್ಮ ಅತ್ತ ತಿರುಗಿಸಿದ. ಸ್ವಲ್ಪ ದೂರಕ್ಕೇ ಕಂಡಿತು.

ಸೈಕಲ್ಲು ಸ್ಟ್ಯಾಂಡ್ ಹಾಕಿ ನಿಂತಿತ್ತು. ಹ್ಯಾಂಡಲ್ಲಿಗೆ ಕೆಂಪು ಹೆಲ್ಮೆಟ್ ತೂಗುತ್ತಿತ್ತು. ಬಟ್ಟೆ ಒಗೆಯುವ ಮೆಟ್ಟಿಲಿನ ಮೇಲೆ, ನೀರಿಗೆ ಒಂದು ಗೇಣು ಮೇಲೆ, ಅವರ ಬೂಟುಗಳಿದ್ದವು. ಕಾಲುಚೀಲಗಳನ್ನು ಮಡಿಸಿ ಬೂಟಿನೊಳಗೆ ಇಟ್ಟಿದ್ದರು. ಮನುಷ್ಯರಿಲ್ಲ.

ನಾನು ಸ್ಕೂಟರಿನಿಂದ ಇಳಿದದ್ದಲ್ಲ, ಬಿದ್ದದ್ದು. ನೀರು ನಿನ್ನೆಯಂತೆಯೇ ಕೆಂಪಗೆ, ತುಂಬಿ, ಏನೂ ಆಗಿಲ್ಲವೆಂಬಂತೆ ಹರಿಯುತ್ತಿತ್ತು. ಬಾಯಿಂದ ಸ್ವರ ಹೊರಡುತ್ತಿಲ್ಲ. ಶಾಲೆಯ ಮೈದಾನದ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿದ್ದ ಗಂಟಲು ಅದು. ಗಾಳಿ ಬಿಟ್ಟ ಟ್ಯೂಬಿನ ಹಾಗೆ ಸುಯ್ಯೆಂದಿತು, ಅಷ್ಟೇ.

ಗದ್ದೆಗೆ ನೀರು ಬಿಡುವ ನೀರುಗಂಟಿ ಏರಿಯ ಮೇಲೆ ಬರುತ್ತಿದ್ದ. "ಈ ಸೈಕಲ್ ಆಗ್ಲಿಂದ ಇಲ್ಲೇ ನಿಂತದೆ ಕಣಣ್ಣ" ಎಂದ ತಮ್ಮನಿಗೆ. "ಯಾರೋ ಮಕ ತೊಳಿಯಾಕ್ ಇಳ್ದವ್ರೆ ಅನ್ಕಂಡೆ." ಬೂಟು ಕಂಡದ್ದೇ ಅವನ ಮುಖವೂ ಬಿಳುಚಿತು. ತೂಬು ಇಳಿಸುತ್ತೇನೆಂದು ಓಡಿದ. ತಮ್ಮ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗೆ ಇಳಿದ. ಎಲ್ಲಿಂದಲೋ ಗಂಡಸರು ಬಂದರು, ಉದ್ದನೆಯ ಗಳ ತಂದರು, ಕೆಳಗಿನ ಸೇತುವೆಯ ಕಡೆ ಓಡಿದರು. ಹೆಂಗಸರು ಸೇರಿದರು. ಗುರುತು ಪರಿಚಯವಿಲ್ಲದ ಹೆಂಗಸರು, "ಅಯ್ಯೋ ನಮ್ಮವ್ವ, ಯಾವೂರ್ನೋಳೋ, ಇಲ್ಲಿ ಬಂದು ನೀರ್ ಪಾಲಾದ್ಯಾ" ಎಂದು ಎದೆ ಬಡಿದುಕೊಂಡು ರಾಗ ತೆಗೆದರು. ನಾನು ಮಣ್ಣಿನಲ್ಲಿ ಕೂತು ಸೆರಗನ್ನು ಮುಖಕ್ಕೆ ಮುಚ್ಚಿಕೊಂಡೆ. ನನ್ನ ಕಣ್ಣ ಮುಂದೆ ಇದ್ದದ್ದು ಅವರ ಮುಖವಲ್ಲ, ಮಗಳ ಮುಖ. ಹೆಂಗ್ ಬಂದ್ರೋ ಹಂಗೇ ವಾಪಸ್ ಕಳಿಸು ಎಂದಿದ್ದಳು. ಬೂಟುಗಳನ್ನು ಕಳಿಸಲೇ?

ಆಗಲೇ ಫೋನ್ ಹೊಡೆದುಕೊಂಡಿತು. ಮಗಳೇ.

"ಅಮ್ಮಾ, ಅತ್ತೆ ಫೋನ್ ಎತ್ತುತಾ ಇಲ್ಲ. ಎಲ್ಲಿ ಅವರು?"

ಏನು ಹೇಳಲಿ? "ಇಲ್ಲೇ ಅವ್ರೆ ಕಣಮ್ಮ" ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಸುಳ್ಳು ಹೇಳಿದ್ದಿಲ್ಲ ಎಂದು ಅದನ್ನು ಹೇಳುತ್ತಿರುವಾಗಲೇ ಅನ್ನಿಸಿತು.

ಹಿಂದಿನಿಂದ ಯಾರೋ ನನ್ನ ಬೆನ್ನು ಸವರಿದರು. ಒದ್ದೆ ಕೈ. "ಅಳಬೇಡಿಯಮ್ಮಾ, ಸಮಾಧಾನ ಮಾಡ್ಕೊಳ್ಳಿ. ಯಾರಂತೆ ಪಾಪ, ಬಿದ್ದದ್ದು? ನಿಮ್ಮ ಮನೆಯವರಾ?"

ಆ ಸ್ವರ, ಆ ರಾಗ ನಮ್ಮ ಸೀಮೆಯದಲ್ಲ. ಸೆರಗು ಸರಿಸಿ ತಿರುಗಿದೆ. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು, ಬರಿಗಾಲಿನಲ್ಲಿ, ಕೈಯಲ್ಲಿ ಒಂದು ಹಿಡಿ ಭತ್ತದ ಪೈರು ಹಿಡಿದು ನನ್ನ ಬೀಗಿತ್ತಿ ಬಗ್ಗಿ ನಿಂತಿದ್ದರು. ಅವರ ಹಿಂದೆ ನಾಟಿಯ ಹೆಂಗಸರ ಸಾಲು. ಏರಿಯ ಕೆಳಗೆ ಕಬ್ಬಿನ ತಾಕು, ಅದರಾಚೆಗೆ ಗದ್ದೆ. ಅಳುವಿನ ಸದ್ದು ಕೇಳಿ ಕೆಲಸ ಬಿಟ್ಟು ಎದ್ದು ಬಂದಿದ್ದರು, ಸತ್ತವರು ಯಾರೆಂದು ನೋಡಲು.

ನಾನು ಎದ್ದು ನಿಂತೆ. ಕಪಾಳಕ್ಕೆ ಬಾರಿಸಿದೆ.

ಬೀಗಿತ್ತಿಯ ಮೇಲೆ ಕೈ ಮಾಡಿದ ಹೆಂಗಸು ನಮ್ಮ ವಂಶದಲ್ಲೇ ಇಲ್ಲ. ರಾಗ ತೆಗೆಯುತ್ತಿದ್ದವರ ಬಾಯಿ ತೆರೆದಂತೆಯೇ ನಿಂತಿತು. ತಮ್ಮ ಎದೆಮಟ್ಟ ನೀರಿನಲ್ಲಿ ಹಗ್ಗ ಹಿಡಿದು ಕಲ್ಲಾಗಿದ್ದ. ಮಗಳ ಮನೆಗೆ ನಾನೇ ಬೆಂಕಿ ಇಟ್ಟೆನಲ್ಲ ಎಂದುಕೊಂಡೆ. ಸತ್ತರೆಂದು ಅತ್ತದ್ದಕ್ಕಿಂತ ಬದುಕಿದ್ದಾರೆಂದು ಹೊಡೆದದ್ದಕ್ಕೇ ಹೆಚ್ಚು ಭಯವಾಯಿತು.

ಕೈಯಲ್ಲಿದ್ದ ಫೋನಿನೊಳಗಿಂದ ಮಗಳು, "ಅಮ್ಮಾ? ಅಮ್ಮಾ, ಅದೇನು ಶಬ್ದ?" ಎನ್ನುತ್ತಿದ್ದಳು.

ಬೀಗಿತ್ತಿ ಒಂದು ಕೈಯಲ್ಲಿ ಕೆನ್ನೆ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಪೈರು ಬಿಟ್ಟು ಫೋನ್ ತೆಗೆದುಕೊಂಡರು. "ಎಂತ ಇಲ್ಲ ಮಗಾ. ಇಲ್ಲಿ ಸೊಳ್ಳೆ ಜಾಸ್ತಿ. ನಿನ್ನ ಅಮ್ಮ ಒಂದನ್ನು ಹೊಡೆದರು." ಫೋನ್ ನನಗೆ ಕೊಟ್ಟರು. ನನ್ನ ಬಲಗೈಯನ್ನು ನೋಡಿದರು, ಆಮೇಲೆ ಮೆಟ್ಟಿಲ ಮೇಲಿದ್ದ ತಮ್ಮ ಬೂಟುಗಳನ್ನು ನೋಡಿದರು, ನೀರಿನಲ್ಲಿದ್ದ ನನ್ನ ತಮ್ಮನನ್ನು ನೋಡಿದರು. ಆಗ ಅವರಿಗೆ ಅರ್ಥವಾಯಿತು. ಬಾಯಿಗೆ ಕೈ ಅಡ್ಡ ಹಿಡಿದು, ಅಲ್ಲೇ ನನ್ನ ಪಕ್ಕದಲ್ಲಿ ಕುಸಿದು ಕೂತರು.

"ಒಳ್ಳೆ ನಾಟಿ ಆಕ್ತಾರೆ ಕಣಕ್ಕ ಇವ್ರು" ಎಂದಳು ಹಿಂದಿದ್ದವರಲ್ಲಿ ಒಬ್ಬಳು, ಏನಾದರೂ ಹೇಳಬೇಕಲ್ಲ ಎಂದು. ಯಾರೂ ನಗಲಿಲ್ಲ. ಆ ನಾಟಿಯ ಹೆಂಗಸರೂ ಬೀಗಿತ್ತಿಯನ್ನು ಎಲ್ಲಿಗೆ ಹೊರಟಿರಿ ಎಂದು ಕೇಳಿರಲಿಲ್ಲ, ಗದ್ದೆಗೆ ಇಳಿದವರಿಗೆ ಒಂದು ಸಾಲು ಬಿಟ್ಟುಕೊಟ್ಟಿದ್ದರು, ಅಷ್ಟೇ.

ಸಂಜೆ ನಾವಿಬ್ಬರೂ ತವರುಮನೆಯ ಜಗಲಿಯ ಮೇಲೆ ಕೂತಿದ್ದೆವು. ನಾನು ಕಾಲಿಗೆ ಬೀಳಲು ಹೋದರೆ ಅವರು ಮಂಡಿ ನೋಡಿಕೊಳ್ಳಿ ಎಂದು ತಡೆದರು. ಕೆನ್ನೆಯ ಮೇಲೆ ನನ್ನ ಬೆರಳುಗಳಿನ್ನೂ ಕಾಣುತ್ತಿದ್ದವು. ನನಗೆ ಅತ್ತ ನೋಡಲಾಗುತ್ತಿರಲಿಲ್ಲ.

"ನಮ್ಮಲ್ಲಿ ಗದ್ದೆ ಎಲ್ಲ ಹಡಿಲು ಬಿದ್ದಿದೆ" ಎಂದರು. "ನೆಡುವವರಿಲ್ಲ. ಸಣ್ಣವಳಿರುವಾಗ ಅಮ್ಮನ ಜೊತೆ ಕೆಸರಿಗೆ ಇಳಿಯುತ್ತಿದ್ದೆ. ಇವತ್ತು ಆ ಸಾಲು ಕಂಡು ತಡೆಯಲಾಗಲಿಲ್ಲ. ಬೂಟು ಬಿಚ್ಚಿಟ್ಟೆ. ಹೊತ್ತು ಹೋದದ್ದು ಗೊತ್ತಾಗಲಿಲ್ಲ ಮಾರಾಯ್ರೇ."

ನಾನು ಮಂಡಿಗೆ ಎಣ್ಣೆ ಹಚ್ಚಿಕೊಳ್ಳತೊಡಗಿದೆ. ಅವರು ಮುಂದುವರಿಸಿದರು.

"ಅಮ್ಮ ಹೋದ ಮೇಲೆ ನನಗೆ ಯಾರೂ ಹೊಡೆದಿರಲಿಲ್ಲ. ಎಲ್ಲಿಗೆ ಹೋಗಿದ್ದೆ ಹೇಳು, ಎಲ್ಲಿಗೆ ಹೋಗಿದ್ದೆ ಹೇಳು ಅಂತ ಕೇಳಿ ಕೇಳಿ ಹೊಡೀತಿದ್ದಳು. ಈಗ ಇಷ್ಟು ದೂರ ದೂರ ಸೈಕಲ್ ತುಳೀತೇನೆ. ಮನೆಯಲ್ಲಿ ಎಲ್ಲ ಒಳ್ಳೆಯವರೇ. ನಿಮ್ಮ ಮಗಳೂ ಒಳ್ಳೆಯವಳು. ಆದರೆ ಯಾರೂ ಎಲ್ಲಿಗೆ ಅಂತ ಕೇಳುವುದಿಲ್ಲ. ನಿಮ್ಮ ಹಾಗೆ ಶಾಸ್ತ್ರಕ್ಕಲ್ಲ. ಇವರು ಹೋಗ್ತಾರೆ, ಬರ್ತಾರೆ ಅಂತ ಗೊತ್ತಾಗಿಬಿಟ್ಟಿದೆ."

ಅದನ್ನು ಅವರು ದೂರಿನಂತೆ ಹೇಳಲಿಲ್ಲ, ಹವಾಮಾನದ ವಿಚಾರ ಹೇಳುವಂತೆ ಹೇಳಿದರು. ಕಡಲು ಎಡಕ್ಕೋ ಬಲಕ್ಕೋ ಎಂದು ಅವರು ಹೇಳಿದ್ದನ್ನು ನಾನು ಬಡಿವಾರ ಎಂದೇ ತಿಳಿದಿದ್ದೆ.

ಮರುದಿನ ಬೆಳಗ್ಗೆ ಅವರು ಸೈಕಲ್ಲಿಗೆ ಗಾಳಿ ತುಂಬಿ ಅಂಗಳದಲ್ಲಿ ನಿಂತರು. ನನ್ನ ಮಂಡಿ ಇಳಿದಿರಲಿಲ್ಲ. ತಮ್ಮ ಸ್ಕೂಟರಿನಲ್ಲಿ ಹಿಂದೆ ಹಿಂದೆ ಹೋಗುವುದೆಂದು ಆಗಿತ್ತು. ಫೋನ್ ಅವರ ಜೇಬಿನಲ್ಲಿದೆಯೇ ಎಂದು ನಾನೇ ಮುಟ್ಟಿ ನೋಡಿದೆ. ತಮ್ಮನ ಹೆಂಡತಿ ಎಂದಿನಂತೆ, "ದೂರಾನಾ ಅಕ್ಕಾರೆ?" ಎನ್ನಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ಗಂಟಲು ಬಿಚ್ಚಿ, ಮೈದಾನದಲ್ಲಿ ಕೂಗುವಂತೆ ಕೇಳಿದೆ.

"ಎಲ್ಲಿಗೆ?"

ತಮ್ಮನ ಹೆಂಡತಿ, "ಅಯ್ಯೋ, ಬುಡ್ತು ಅನ್ನಕ್ಕ!" ಎಂದು ನನ್ನ ಬಾಯಿ ಮುಚ್ಚಲು ಬಂದಳು. ಎದುರು ಮನೆಯ ಮುದುಕ ಹಲ್ಲುಜ್ಜುವುದನ್ನು ನಿಲ್ಲಿಸಿ ನೋಡಿದ. ತಮ್ಮ ಸ್ಕೂಟರಿನ ಮೇಲೆ ತಲೆ ತಗ್ಗಿಸಿದ.

ಬೀಗಿತ್ತಿ ಪೆಡಲಿನಿಂದ ಕಾಲು ತೆಗೆದರು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು, ಹೆಲ್ಮೆಟ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆ ಕೂತರು. ತಮ್ಮನ ಹೆಂಡತಿ ಗಾಬರಿಯಲ್ಲಿ ಓಡಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ನಿಧಾನವಾಗಿ ಅಷ್ಟನ್ನೂ ಕುಡಿದರು.

"ಮಳವಳ್ಳಿಗೆ" ಎಂದರು. "ಅಲ್ಲಿಂದ ಬೆಳಕವಾಡಿ. ಆಮೇಲೆ ಜಲಪಾತ. ನೀರಿನ ಹತ್ತಿರ ಹೋಗುವುದಿಲ್ಲ. ಗದ್ದೆಗೆ ಇಳಿಯುವುದಾದರೆ ನಿಮ್ಮ ತಮ್ಮನಿಗೆ ಹೇಳಿ ಇಳೀತೇನೆ. ಸಂಜೆಗೆ ಇಲ್ಲಿಗೇ."

ಚೊಂಬು ಕೆಳಗಿಟ್ಟು, ಅಂಗೈಯಿಂದ ಬಾಯಿ ಒರೆಸಿಕೊಂಡು, ಆಮೇಲೆ ಕಣ್ಣನ್ನೂ ಒರೆಸಿಕೊಂಡರು. ಎದ್ದು ಸೈಕಲ್ ಹತ್ತಿದರು. ಗೇಟಿನವರೆಗೆ ಹೋಗಿ ಬ್ರೇಕ್ ಹಿಡಿದು ಹಿಂದಿರುಗಿ ನೋಡಿದರು.

"ಇನ್ನೊಂದು ಸಲ ಕೇಳಿ ಮಾರಾಯ್ರೇ."